ಪ್ರೇಕ್ಷಕರು: ಒಬ್ಬರು

ಸಭೆಯ ಹಿಂದಿನ ದಿನ ನಾನು ಪಡಸಾಲೆಯಲ್ಲಿ ಕುಳಿತು ನಮ್ಮ ಯಜಮಾನರ ಧೋತರಕ್ಕೆ ತೇಪೆ ಹಚ್ಚುತ್ತಿದ್ದೆ. ತಿಂಗಳಿಗೊಮ್ಮೆ ಹಚ್ಚುತ್ತಿದ್ದೆ, ಅದೂ ಒಂದೇ ಜಾಗಕ್ಕೆ. ಯಾವ ಜಾಗ ಎಂದು ಬಿಡಿಸಿ ಹೇಳಲು ಸಂಕೋಚ. ಮನುಷ್ಯ ಬೆಂಚಿನ ಮೇಲೆ ಕುಳಿತಾಗ ಬೆಂಚಿಗೆ ತಾಗುವ ಜಾಗ ಎಂದರೆ ಸಾಕಲ್ಲ! ಅವರು ಅಂಗಳದಲ್ಲಿ ಕುಳಿತು ಹಿಟ್ಟಿನ ಗಿರಣಿಯ ಹರಿದ ಪಟ್ಟಾ ಹೊಲಿಯುತ್ತಿದ್ದರು. ನಡುವೆ ಮೆಣಸಿನಕಾಯಿ ಒಣಗುತ್ತಿತ್ತು. ಇಬ್ಬರೂ ಒಂದೊಂದು ಸೂಜಿ ಹಿಡಿದು ಮಾತಿಲ್ಲದೆ ಕುಳಿತಿದ್ದ ಆ ಮಧ್ಯಾಹ್ನವೇ ನಮ್ಮ ಕೊನೆಯ ಸಾದಾ ದಿನ. ಗೊತ್ತಿದ್ದರೆ ತೇಪೆಯನ್ನು ಇನ್ನಷ್ಟು ನಿಧಾನವಾಗಿ ಹಚ್ಚುತ್ತಿದ್ದೆ.

ಇರಲಿ. ಅಳುತ್ತ ಬರೆದರೆ ಅವರು ಅವರಾಗಿ ಉಳಿಯುವುದಿಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಇಡೀ ಬೆಳಗಾವಿ ಜಿಲ್ಲೆಯಲ್ಲಿ, ಹಳ್ಳಿಗಳ ರಸ್ತೆ, ಬಾವಿ ನೋಡಿಕೊಳ್ಳುವ ಬೋರ್ಡಿನ ಸಭೆಯನ್ನು ಮೊದಲಿನಿಂದ ಕೊನೆಯವರೆಗೆ ಎಚ್ಚರವಿದ್ದು ಕೇಳಿದ ಗಂಡಸು ಒಬ್ಬನೇ ಒಬ್ಬ. ಅವನನ್ನೇ ಹುಡುಕಿ ನಮ್ಮಪ್ಪ ನನಗೆ ಗಂಟು ಹಾಕಿದ್ದ!

ಅವರ ಹೆಸರು ಹೇಳುವುದಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವ ರೂಢಿಯಿಲ್ಲ. ಬೋರ್ಡಿನ ಹೆಸರನ್ನೂ ಹೇಳುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಗೆ ಹೋಗುವ ಬಸ್ಸುಗಳು ನಮ್ಮೂರ ಕ್ರಾಸಿನಲ್ಲಿ ನಿಲ್ಲುತ್ತಿದ್ದವು. ಅವರು ಯಾವ ಬಸ್ಸು ಹತ್ತುತ್ತಿದ್ದರು ಎಂಬುದನ್ನು ನೀವೇ ಊಹಿಸಿ. ಅವರೇನೋ ಹೋದರು, ಬೋರ್ಡಿನವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ!

ಅವರು ಬೋರ್ಡಿನ ಸದಸ್ಯರೇನೂ ಅಲ್ಲ. ನೌಕರರೂ ಅಲ್ಲ. ಒಂದು ಹಿಟ್ಟಿನ ಗಿರಣಿಯ ಮಾಲೀಕರು. ದಿನವಿಡೀ ಎಂಜಿನ್ನಿನ ಪುಕ್ ಪುಕ್ ಸದ್ದಿನಲ್ಲಿ ಅವರಿಗೆ ಒಬ್ಬರ ಮಾತೂ ಕೇಳುತ್ತಿರಲಿಲ್ಲ. ಹೆಂಗಸರು ಜೋಳದ ಬುಟ್ಟಿ ಇಟ್ಟು ಏನೇನೋ ಹೇಳುತ್ತಿದ್ದರು. ಇವರು ಹುಬ್ಬಿನ ಮೇಲಿನ ಹಿಟ್ಟು ಉದುರುವಂತೆ ತಲೆಯಾಡಿಸುತ್ತಿದ್ದರು. ಹೀಗೆ ಇಪ್ಪತ್ತೊಂಬತ್ತು ದಿನ ಕಿವುಡಾಗಿದ್ದ ಮನುಷ್ಯನಿಗೆ ಮೂವತ್ತನೆಯ ದಿನ ಏನಾದರೂ ಕೇಳಬೇಕು ಅನಿಸಿದ್ದರಲ್ಲಿ ತಪ್ಪೇನಿದೆ? ಭಜನೆ ಕೇಳಬಹುದಿತ್ತು. ಬಯಲಾಟ ಕೇಳಬಹುದಿತ್ತು. ನನ್ನ ಮಾತನ್ನೂ ಕೇಳಬಹುದಿತ್ತು! ಅವರು ಆರಿಸಿಕೊಂಡದ್ದು ಬೋರ್ಡಿನ ಮಾಸಿಕ ಸಭೆ.

ಯಾರೋ ಅವರಿಗೆ ಹೇಳಿದ್ದರಂತೆ: ಸ್ವಾತಂತ್ರ್ಯ ಬಂದ ಮೇಲೆ ಇಂಥ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕುಳಿತು ಕೇಳಬಹುದು, ಅದು ಪ್ರಜೆಯ ಹಕ್ಕು ಎಂದು. ಆ ಮಾತು ಲಕ್ಷಾಂತರ ಪ್ರಜೆಗಳ ಕಿವಿಗೆ ಬಿದ್ದಿರಬೇಕು. ನಂಬಿದವರು ಇವರೊಬ್ಬರೇ.

ಸಭೆಯ ದಿನ ಗಿರಣಿ ಬಂದ್. ಹೆಂಗಸರು ಬುಟ್ಟಿ ಹೊತ್ತು ಬಂದು ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಬಾಜೂ ಮನೆಯ ಕಲ್ಲವ್ವನಂತೂ, "ಏನ ಯಕ್ಕಾ, ಇವತ್ತೂ ಸಭಾ ಏನ? ಅವ್ರು ಅಲ್ಲಿ ಠರಾವು ತಿಂದು ಬರ್ತಾರ. ನಾವಿಲ್ಲಿ ಏನ್ ತಿನ್ನೂಣು?" ಎಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು.

ಸಭಾಗೃಹದ ಹಿಂದಿನ ಗೋಡೆಗೆ ಹತ್ತಿಸಿ ಒಂದು ಬೆಂಚು ಇತ್ತು. ಅದರ ಮೇಲೆ 'ಪ್ರೇಕ್ಷಕರಿಗಾಗಿ' ಎಂದು ಬರೆದಿತ್ತು. ಅದರ ಮೇಲೆ ಕುಳಿತ ಪ್ರೇಕ್ಷಕರು ಇವರು. ಪ್ರತಿ ಸಭೆಯ ನಡವಳಿಯಲ್ಲೂ ಕಾರಕೂನರು 'ಪ್ರೇಕ್ಷಕರು: ಒಬ್ಬರು' ಎಂದು ಬರೆಯುತ್ತಿದ್ದರು. ಸದಸ್ಯರ ಸಂಖ್ಯೆ ಏರಿಳಿಯುತ್ತಿತ್ತು. ಈ ಒಂದು ಮಾತ್ರ ಹತ್ತು ವರ್ಷ ಅಲ್ಲಾಡಲಿಲ್ಲ.

ಆ ಬೆಂಚಿನಲ್ಲಿ ಒಂದು ಮೊಳೆ ಇತ್ತು. ತೇಪೆಯ ಗುಟ್ಟು ಈಗ ನಿಮಗೆ ತಿಳಿದಿರಬೇಕು.

"ಒಂದು ಕಲ್ಲು ತಗೊಂಡು ಬಡದ ಬಿಡ್ರಲ್ಲ," ಎಂದೆ.

ಅವರು ನನ್ನನ್ನು ದರೋಡೆಕೋರಳಂತೆ ನೋಡಿದರು. "ಸರ್ಕಾರಿ ಮೊಳಿ ಐತಿ ಅದು! ನನಗ ಹೆಂಗ ಬಡ್ಯಾಕ ಬರ್ತೈತಿ? ಅರ್ಜಿ ಕೊಡಬೇಕು."

"ಸರಿ, ಸಭಾದಾಗ ಎದ್ದು ಹೇಳ್ರಿ."

"ಪ್ರೇಕ್ಷಕರು ಮಾತಾಡಂಗಿಲ್ಲ. ಕೇಳಬೇಕಷ್ಟ. ನಿಯಮ ಐತಿ."

ಅರ್ಜಿ ಬರೆಯುವ ಕೆಲಸ ನನಗೆ ಬಂತು. ನಾನು ಮುಲ್ಕಿ ಪರೀಕ್ಷೆ ಪಾಸಾದವಳು, ಏಳನೆಯ ಇಯತ್ತೆ. ಅವರದು ನಾಲ್ಕಕ್ಕೇ ಮುಗಿದಿತ್ತು. ಅವರು ಹೇಳಿದರು, ನಾನು ಬರೆದೆ. ಅರ್ಜಿ ಒಳಗೆ ಹೋಯಿತು. ಎರಡು ಮಳೆಗಾಲ ಕಳೆದವು, ಧೋತರದಲ್ಲಿ ತೇಪೆಯ ಮೇಲೆ ತೇಪೆ ಬಿದ್ದವು. ಕೊನೆಗೊಂದು ದಿನ ಮುದ್ರೆ ಒತ್ತಿದ ಉತ್ತರ ಬಂತು: 'ಸದರಿ ಬೆಂಚಿನ ಮೇಲೆ ಕೂಡುವವರು ಒಬ್ಬರೇ ಇರುವುದರಿಂದ ಇದನ್ನು ಸಾರ್ವಜನಿಕ ತೊಂದರೆ ಎಂದು ಪರಿಗಣಿಸಲು ಬರುವುದಿಲ್ಲ.'

ನನಗೆ ಸಿಟ್ಟು ನೆತ್ತಿಗೇರಿತು. ಅವರಿಗೆ? ಹಿಗ್ಗೋ ಹಿಗ್ಗು! "ನೋಡು, ಎಷ್ಟು ವಿಚಾರ ಮಾಡಿ ಬರದಾರ!" ಎಂದು ಆ ಕಾಗದವನ್ನು ದೇವರ ಜಗಲಿಯ ಮೇಲಿಟ್ಟರು. ನಾನು ಹಳೆಯ ಕೌದಿಯ ಒಂದು ತುಂಡನ್ನು ಮಡಿಸಿ ಮೆತ್ತೆ ಹೊಲಿದುಕೊಟ್ಟೆ. ಆಮೇಲೆ ಆ ಮೆತ್ತೆಯನ್ನು ಬಗಲಲ್ಲಿ ಹಿಡಿದೇ ಬಸ್ಸು ಹತ್ತುತ್ತಿದ್ದರು. ಮರೆತು ಹೋದ ದಿನ ಮಾತ್ರ ಹರಿದುಕೊಂಡು ಬರುತ್ತಿದ್ದರು. ಮರೆಯದ ದಿನಗಳು ಕಡಿಮೆ.

ಒಮ್ಮೆ ಸಭೆಗೆ ಕೋರಂ ಆಗಲಿಲ್ಲ. ಒಬ್ಬ ಸದಸ್ಯರು ಕಡಿಮೆ ಬಿದ್ದರು. ಅಧ್ಯಕ್ಷರು ಉಪಾಯಗಾರರು. ಹಿಂದಿನ ಬೆಂಚಿನ ಕಡೆ ನೋಡಿ, "ಗಿರಣಿ ಸಾವಕಾರ್ರ, ಸ್ವಲ್ಪ ಈ ಖುರ್ಚಿ ಮ್ಯಾಲ ಬಂದು ಕೂಡ್ರಿ. ಒಂದು ತಲಿ ಕಡಿಮಿ ಬಿದ್ದೈತಿ. ಚಹಾ ಬರೂದ್ರಾಗ ಸಭಾ ಮುಗಸ್ತೇವಿ," ಎಂದರಂತೆ.

ಇವರು ಎದ್ದು ನಿಂತು ಕೈ ಮುಗಿದು, "ನಾ ಪ್ರೇಕ್ಷಕ ಅದೇನ್ರಿ ಸಾಹೇಬ್ರ. ನನ್ನ ತಲಿ ಎಣಿಕಿಗಿ ಬರೂದಿಲ್ಲ," ಎಂದರಂತೆ.

ಸಭೆ ರದ್ದಾಯಿತು. ದೂರದೂರದಿಂದ ಬಂದ ಸದಸ್ಯರು ಇವರನ್ನು ಬೈಯುತ್ತ ಬಸ್ಸು ಹತ್ತಿದರು. ಇವರು ಮಾತ್ರ ಮನೆಗೆ ಬಂದು ಎದೆಯುಬ್ಬಿಸಿ ಇದನ್ನು ಮೂರು ಸಲ ಹೇಳಿದರು. ತನ್ನ ತಲೆ ಎಣಿಕೆಗೆ ಬರುವುದಿಲ್ಲ ಎಂದು ಇಷ್ಟು ಹೆಮ್ಮೆಯಿಂದ ಹೇಳಿಕೊಂಡ ಗಂಡಸನ್ನು ನೀವು ಕಂಡಿದ್ದೀರಾ?

ನಮ್ಮ ಬೋರ್ಡಿನ ಸಭೆ ಸಾಲದಾದಾಗ ಬೇರೆ ಊರಿನ ಸಭೆಗಳಿಗೂ ಹೋಗುತ್ತಿದ್ದರು. ನನ್ನ ತವರು ಹುಕ್ಕೇರಿಯ ಹತ್ತಿರ. ತಂಗಿಯ ನಿಶ್ಚಯಕ್ಕೆಂದು ಹೋಗಿದ್ದೆವು. ಬೀಗರು ಬಂದು ಕುಳಿತಿದ್ದಾರೆ, ಹಿರಿಯ ಅಳಿಯನೇ ನಾಪತ್ತೆ! ಹುಕ್ಕೇರಿಯಲ್ಲಿ ಯಾವುದೋ ಸಭೆ ಇದೆ ಎಂದು ಕೇಳಿ ಬೆಳಿಗ್ಗೆಯೇ ಮೆತ್ತೆ ಹಿಡಿದು ಹೊರಟುಬಿಟ್ಟಿದ್ದರು. ಇಳಿಹೊತ್ತಿಗೆ ಬಂದವರೇ ನಮ್ಮಪ್ಪನ ಎದುರು ಕುಳಿತು, "ಹುಕ್ಕೇರಿ ಸಭಾ ಖರೇನ ಚಲೋ ಐತ್ರಿ ಮಾವಾರ. ಒಂದ ತಾಸಿನ್ಯಾಗ ಮೂರು ಸಲ ಸಭಾತ್ಯಾಗ ಆತ್ರಿ!" ಎಂದರು.

ನಮ್ಮಪ್ಪ ಎಲೆಅಡಿಕೆ ತಟ್ಟೆ ಬದಿಗೆ ಸರಿಸಿ, "ಇಲ್ಲೂ ಒಂದು ಆಗೇತ್ರಿ ಅಳಿಯಂದಿರಽ. ಬೀಗರು ಉಂಡು ಹೋದ್ರು," ಎಂದ.

ಹಾಗಂತ ಅವರು ಹೋಗಿ ಸುಮ್ಮನೆ ಬಂದುಬಿಡುತ್ತಿರಲಿಲ್ಲ. ಸಭೆಯನ್ನು ಮನೆಗೆ ತರುತ್ತಿದ್ದರು! ಸಂಜೆ ನಾನು ರೊಟ್ಟಿ ಬಡಿಯಲು ಕುಳಿತರೆ ಅವರು ಒಲೆಯ ಆಚೆ ಮಣೆ ಹಾಕಿಕೊಂಡು ಕುಳಿತು ವರದಿ ಶುರುಮಾಡುತ್ತಿದ್ದರು. ಅಧ್ಯಕ್ಷರ ಕೆಮ್ಮು, ಸದಸ್ಯರ ಗೊರಕೆ, ಓವರ್‌ಸಿಯರರ ಮೂಗಿನ ದನಿ, ಎಲ್ಲವೂ ಬರುತ್ತಿದ್ದವು. ಮೇಲವಂಕಿಯ ರಸ್ತೆಗೆ ಬಿದ್ದ ಗರಸು ಮಣ್ಣು ಎಷ್ಟು, ಮಮದಾಪುರದ ಬಾವಿಯ ಗಾಲಿ ಯಾವಾಗ ಬರುತ್ತದೆ, ಎಲ್ಲ ನನಗೆ ಬಾಯಿಪಾಠ. ವರದಿ ಮುಗಿದ ಮೇಲೆ ನಮ್ಮ ಮನೆಯ ಸಭೆ. ನಾಳೆಯ ಪಲ್ಯಕ್ಕೆ ಬದನೆಕಾಯಿ ಎಂದು ಅತ್ತೆಯವರ ಸೂಚನೆ, ಇವರ ಅನುಮೋದನೆ. "ವಿರೋಧ ಇದ್ದವರು ಕೈ ಎತ್ತಬಹುದು," ಎಂದು ನನ್ನ ಕಡೆ ನೋಡುತ್ತಿದ್ದರು. ನನ್ನ ಎರಡೂ ಕೈ ಹಿಟ್ಟಿನಲ್ಲಿರುತ್ತಿದ್ದವು, ಎತ್ತುವುದು ಹೇಗೆ? ಸರ್ವಾನುಮತ! ಹತ್ತು ವರ್ಷ ನಾನು ತಿಂದ ಬದನೆಕಾಯಿ ಎಲ್ಲವೂ ಸರ್ವಾನುಮತದ್ದು.

ಇಷ್ಟರವರೆಗೆ ನಗಬಹುದು. ಮುಂದಿನದಕ್ಕೂ ನಗಬಹುದು, ಆದರೆ ನನಗೆ ಆಗ ನಗು ಬಂದಿರಲಿಲ್ಲ.

ಒಂದು ಮಳೆಗಾಲದಲ್ಲಿ ನಮ್ಮೂರ ಉತ್ತರಕ್ಕಿದ್ದ ಹೆಂಗಸರ ಪಾಯಖಾನೆಯ ಗೋಡೆ ಬಿದ್ದುಹೋಯಿತು. ನೋಡಿ, ಬರೆದೆ. ಆಕಾಶ ಕಳಚಿ ಬೀಳಲಿಲ್ಲ. ಮೇಲೆ ಚಾವಣಿ ಇಲ್ಲದ ನಾಲ್ಕು ಗೋಡೆಯ ಜಾಗ ಅದು. ದಾರಿಯ ಬದಿಯ ಗೋಡೆಯೇ ಬಿದ್ದರೆ ಉಳಿದ ಮೂರು ಯಾರಿಗೆ ಬೇಕು? ಹೆಂಗಸರೆಲ್ಲ ಬೆಳಕು ಹರಿಯುವ ಮೊದಲೇ ಹಳ್ಳದ ಕಡೆ ಹೋಗಿಬರಬೇಕು. ಆಮೇಲೆ ದಿನವಿಡೀ ಹಲ್ಲು ಕಚ್ಚಿ ಇರಬೇಕು. ನಮ್ಮ ಒಬ್ಬಳೇ ಮಗಳನ್ನು ಸಂಕೇಶ್ವರಕ್ಕೆ ಕೊಟ್ಟಿದ್ದೆವು. ಅಳಿಯನಿಗೆ ಸಕ್ಕರೆ ಕಾರಖಾನೆಯಲ್ಲಿ ಕೆಲಸ. ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬರಬೇಕಾದವಳು ಕಾಗದ ಬರೆದಳು: 'ಅವ್ವಾ, ಗೋಡಿ ಆತೇನ? ಆಗದಿದ್ದರ ನಾ ಬರೂದಿಲ್ಲ. ಇಲ್ಲೇ ಹಡಿತೇನಿ.'

ಗೋಡೆಯ ವಿಷಯ ಬೋರ್ಡಿಗೆ ಹೋಯಿತು. ನಮ್ಮೂರ ಸದಸ್ಯರು ಎದ್ದು ನಿಂತರು. ಮುಂದಿನದನ್ನು ನಮ್ಮವರು ಒಲೆಯ ಮುಂದೆ ಎಲ್ಲರ ದನಿಯಲ್ಲಿ ಆಡಿ ತೋರಿಸಿದ್ದು ಹೀಗೆ:

"ಅಧ್ಯಕ್ಷರಽ, ನಮ್ಮೂರಾಗ ಒಂದು ಗೋಡಿ ಬಿದ್ದೈತ್ರಿ."

"ಯಾವ ಗೋಡಿ?"

"ಅದಽ ರೀ... ಊರ ಉತ್ತರಕ್ಕ ಐತಲ್ರಿ..."

"ಯಾತರ ಗೋಡಿ ಅದು?"

"ಅದಽ ರೀ... ಹಿಂಗ... ಹೆಣ್ಣಮಕ್ಕಳದು..."

ಅಷ್ಟಕ್ಕೇ ಸಭೆಯೆಲ್ಲ ತಲೆ ಎತ್ತಿ ಚಾವಣಿ ನೋಡತೊಡಗಿತಂತೆ. ಅಲ್ಲಿ ಜೇಡರ ಬಲೆ ಎಷ್ಟು ಎಂಬುದನ್ನೂ ನಮ್ಮವರು ವರದಿ ಮಾಡಿದರು. ಅಧ್ಯಕ್ಷರು ಕೆಮ್ಮಿ, "ಆತು, ಆತು, ತಿಳೀತು," ಎಂದು ಠರಾವು ಹೇಳಿದರು: 'ಸದರಿ ಗ್ರಾಮದ ಉತ್ತರ ದಿಕ್ಕಿನ ಗೋಡೆಯನ್ನು ದುರಸ್ತಿ ಮಾಡತಕ್ಕದ್ದು.' ಸರ್ವಾನುಮತ!

ಠರಾವು ಹಿಡಿದು ಓವರ್‌ಸಿಯರ್ ಬಂದರು. ಹೊಸಬರು, ನಮ್ಮೂರು ಕಂಡವರಲ್ಲ. ಚಾವಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರನ್ನು, "ಉತ್ತರದ ಗೋಡೆ ಯಾವುದ್ರಿ?" ಎಂದು ಕೇಳಿದರು. ಹಿರಿಯರು ತಲೆ ತಗ್ಗಿಸಿ ಕಾಲಲ್ಲಿದ್ದ ತಮ್ಮ ತಮ್ಮ ಕಾಲ್ಮರಿ ನೋಡಿಕೊಂಡರು. ಒಬ್ಬರು ಬಹಳ ಧೈರ್ಯ ಮಾಡಿ ಗದ್ದ ಎತ್ತಿ ಉತ್ತರಕ್ಕೆ ತೋರಿಸಿದರು. ಗದ್ದ ತೋರಿಸಿದ ನೇರಕ್ಕೆ ಮೊದಲು ಸಿಗುವುದು ಕೊಂಡವಾಡ. ಬೇಲಿ ಮುರಿದು ಪರರ ಬೆಳೆ ಮೇಯ್ದ ದನಗಳನ್ನು ದಂಡ ಕಟ್ಟುವವರೆಗೆ ಕೂಡಿಹಾಕುವ ದೊಡ್ಡಿ. ಅದರ ಗೋಡೆಯೂ ಒಂದು ಕಡೆ ಬಾಗಿತ್ತು. ಓವರ್‌ಸಿಯರರಿಗೆ ಇನ್ನೇನು ಬೇಕು?

ಎಂಟು ದಿನದಲ್ಲಿ ಕೊಂಡವಾಡದ ಸುತ್ತ ಆಳೆತ್ತರದ ಕಲ್ಲುಗೋಡೆ ಎದ್ದು ನಿಂತಿತು. ಮೇಲೆ ಸುಣ್ಣವನ್ನೂ ಹೊಡೆದರು. ಅಷ್ಟು ದಿನವೂ ಕಟ್ಟೆಯ ಮೇಲಿದ್ದ ಹಿರಿಯರು ಕೆಲಸವನ್ನು ನೋಡುತ್ತ ಕುಳಿತಿದ್ದರು. ಅದಲ್ಲ, ಇದು ಎಂದು ಹೇಳಬೇಕಾದರೆ 'ಇದು' ಎಂದರೆ ಏನು ಎಂದು ಹೇಳಬೇಕಾಗುತ್ತಿತ್ತಲ್ಲ! ಹೀಗೆ ನಮ್ಮೂರಿನಲ್ಲಿ ಎಮ್ಮೆಗಳ ಮಾನ ಉಳಿಯಿತು. ನಮ್ಮ ಎಮ್ಮೆಯೂ ಒಮ್ಮೆ ಅಲ್ಲಿಗೆ ಹೋಗಿ ಎರಡು ದಿನ ಇದ್ದು ಬಂತು. ಬಂದ ಮೇಲೆ ನಮ್ಮ ಬಯಲು ಹಿತ್ತಲಿನಲ್ಲಿ ಸಗಣಿ ಹಾಕಲು ಅದಕ್ಕೆ ನಾಚಿಕೆಯಾದಂತೆ ನನಗೆ ಕಾಣುತ್ತಿತ್ತು.

ನಾನು ಅರ್ಜಿ ಬರೆದೆ. ಶಬ್ದವನ್ನು ಬಿಡಿಸಿಯೇ ಬರೆದೆ. ಅವರು ಒಯ್ದರು, ಹಾಗೆಯೇ ಮರಳಿ ತಂದರು. "ಇಂಥಾ ಶಬ್ದ ಅರ್ಜಿ ಬರಕೊಳ್ಳೂ ಆವಕ ಪುಸ್ತಕದಾಗ ಏರ್ಸಾಕ ಬರೂದಿಲ್ಲಂತ ಕಾರಕೂನ್ರು ಅಂದ್ರು. ಅದೂ ಅಲ್ದ ಠರಾವು ಅಮಲಾಗೇತಿ. ಅದಽ ವಿಷಯ ಮತ್ತ ತರಬೇಕಂದ್ರ ಆರು ತಿಂಗಳು ಹೋಗಬೇಕು. ನಿಯಮ."

"ಆರು ತಿಂಗಳ ಮಟ ಬಸುರಿ ಕಾಯ್ತಾಳೇನ್ರಿ?"

ಅದಕ್ಕೆ ನಿಯಮ ಇರಲಿಲ್ಲ.

ಮೊದಲು ಹೇಳಿದೆನಲ್ಲ, ತೇಪೆ ಹಚ್ಚಿದ ದಿನ, ಅದರ ಮರುದಿನ ಬೆಳಿಗ್ಗೆ. ಅವರು ರುಮಾಲು ಸುತ್ತಿಕೊಳ್ಳುತ್ತಿದ್ದರು. ನನಗೆ ಅರ್ಜಿ ಮರಳಿ ಬಂದ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಿಮ್ಮ ಹೆಸರು ನಾ ಯಾಕ ಹೇಳೂದಿಲ್ಲ, ಹೇಳ್ರಿ?" ಎಂದೆ.

"ಹೇಳಬಾರದಂತ. ರೂಢಿ ಐತಿ."

"ಹೌದ್ರಿ. ಆದ್ರ ಮನಿಗಿ ಬೆಂಕಿ ಬಿದ್ದು, ನೀವು ಒಳಗ ಮಲಗಿದ್ರ, ಹೆಸರು ಹಿಡದು ಕೂಗ್ತೇನೋ ಇಲ್ಲೋ?"

ಅವರು ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದರು. "ಕೂಗಬೇಕಾಕ್ಕೈತಿ."

"ಮತ್ತ ಅಷ್ಟು ಮಂದಿ ಗಂಡಸರು ಅದೀರಿ. ಒಂದು ಶಬ್ದ ಯಾರ ಬಾಯಿಂದನೂ ಹೊರಡೂದಿಲ್ಲ. ಮಗಳು ತವರಿಗಿ ಬರೂದಿಲ್ಲ ಅಂತಾಳ. ಇನ್ನೆಷ್ಟು ಬೆಂಕಿ ಬೀಳಬೇಕ್ರಿ ನಿಮಗ?"

ಅವರು ರುಮಾಲನ್ನು ಮೂರನೆಯ ಸಲ ಸುತ್ತಿಕೊಂಡು ಹೊರಟರು. ಮೆತ್ತೆ ಮೊಳೆಗೂಟದಲ್ಲೇ ಉಳಿಯಿತು. ನೋಡಿದೆ, ಬೇಕೆಂದೇ ಕರೆಯಲಿಲ್ಲ. ಹರಿದುಕೊಂಡು ಬರಲಿ ಅಂದುಕೊಂಡೆ.

ಆ ದಿನ ಮಧ್ಯಾಹ್ನದ ಬಸ್ಸಿಗೇ ಬಂದುಬಿಟ್ಟರು. ಅಷ್ಟು ಬೇಗ ಎಂದೂ ಬಂದವರಲ್ಲ. ಕಾಲು ತೊಳೆದು ಕುಳಿತರು. ನಾನು ಮೊದಲು ನೋಡಿದ್ದು ಧೋತರವನ್ನು. ಹರಿದಿರಲಿಲ್ಲ. ನಿನ್ನೆಯ ತೇಪೆ ಹಾಗೇ ಇತ್ತು.

"ಏನಾತ್ರಿ ಸಭಾದಾಗ?"

"ಮೊದಲ ಚಹಾ ಮಾಡು."

ಚಹಾ ಕೊಟ್ಟೆ. ಸಂಜೆ ರೊಟ್ಟಿ ಬಡಿಯಲು ಕುಳಿತೆ. ಮಣೆ ಹಾಕಿಕೊಂಡು ಕುಳಿತರು, ಆದರೆ ವರದಿ ಶುರುವಾಗಲಿಲ್ಲ. ಮುಖದ ಮೇಲೆ ಏನೋ ಕಳ್ಳನಗು. "ಇವತ್ತಿಂದು ದೊಡ್ಡ ಸಭಾ. ಅವಸರದಾಗ ಹೇಳು ಮಾತಲ್ಲ. ನಾಳೆ ಗಿರಣಿ ಕೆಲಸ ಮುಗಸಿ ಬಂದು, ಕುಂತು, ಚಂದಾಗಿ ಹೇಳ್ತೇನಿ," ಎಂದರು. ಬದನೆಕಾಯಿಯ ಠರಾವೂ ಆಗಲಿಲ್ಲ. "ನಾಳೆ ನಿನಗೇನು ಬೇಕೋ ಅದನ್ನ ಮಾಡು," ಎಂದರು.

ಮರುದಿನ ಬೆಳಿಗ್ಗೆ ಗಿರಣಿಗೆ ಹೋದರು. ಎಂಜಿನ್ನಿನ ಪುಕ್ ಪುಕ್ ಮನೆಯವರೆಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕಲ್ಲವ್ವ ಬುಟ್ಟಿ ಬಿಟ್ಟು ಓಡಿ ಬಂದಳು. ನಾನು ಓಡಿದೆ. ಅವರು ಹಿಟ್ಟಿನ ಚೀಲಕ್ಕೆ ಒರಗಿ ಕುಳಿತಿದ್ದರು, ಹುಬ್ಬಿನ ತುಂಬ ಹಿಟ್ಟು. ಹೆಸರು ಹಿಡಿದು ಕೂಗಿದೆ. ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ಎಂಜಿನ್ನಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

ಹದಿಮೂರನೆಯ ದಿನಕ್ಕೆ ಬೋರ್ಡಿನ ಕಾರಕೂನರು ಬಂದರು. ಬೋರ್ಡಿನಲ್ಲಿ ದುಃಖಸೂಚಕ ಠರಾವು ಮಾಡಲು ತಾವೇ ಅಧ್ಯಕ್ಷರನ್ನು ಕೇಳಿದ್ದರಂತೆ. ಸದಸ್ಯರಿಗಷ್ಟೇ ಮಾಡಲು ಬರುತ್ತದೆ, ಪ್ರೇಕ್ಷಕರಿಗೆ ನಿಯಮ ಇಲ್ಲ ಎಂದು ಅಧ್ಯಕ್ಷರು ಅಂದರಂತೆ. ನಮ್ಮವರು ಬದುಕಿದ್ದರೆ ಈ ಮಾತಿಗೂ ಹಿಗ್ಗುತ್ತಿದ್ದರು! ಕಾರಕೂನರು ಜೇಬಿನಿಂದ ಒಂದು ಚೀಟಿ ತೆಗೆದರು. ಆ ದಿನದ ನಡವಳಿಯನ್ನು ನಕಲು ಮಾಡಿಕೊಂಡು ತಂದಿದ್ದರು.

'ಪ್ರೇಕ್ಷಕರು: ಒಬ್ಬರು. ಸದರಿ ಪ್ರೇಕ್ಷಕರು ಸಭೆಯ ಆರಂಭದಿಂದಲೂ ಕೂಡಲು ನಿರಾಕರಿಸಿ ನಿಂತಿದ್ದು, ನಿಯಮಬಾಹಿರವಾಗಿ ಮಾತನಾಡಿದ್ದರಿಂದ ಅವರನ್ನು ಹೊರಗೆ ಕಳುಹಿಸಲಾಯಿತು. ಪ್ರೇಕ್ಷಕರು: ಇಲ್ಲ. ಅನಂತರ ಸದರಿ ಗ್ರಾಮದಲ್ಲಿ ಕೊಂಡವಾಡದ್ದಲ್ಲದ ಇನ್ನೊಂದು ಗೋಡೆಯನ್ನು ಕೂಡಲೇ ಕಟ್ಟಿಸಲು ಸರ್ವಾನುಮತದಿಂದ ಒಪ್ಪಲಾಯಿತು.'

ಕೊಂಡವಾಡದ್ದಲ್ಲದ ಇನ್ನೊಂದು ಗೋಡೆ! ಅಷ್ಟಾದ ಮೇಲೂ ಆ ಒಂದು ಶಬ್ದ ಬರೆಯಲು ಬೋರ್ಡಿನವರಿಗೆ ಕೈ ಬರಲಿಲ್ಲ.

"ಏನಂದ್ರು ಅವ್ರು?" ಎಂದು ಕೇಳಿದೆ.

ಕಾರಕೂನರು ಕೆಂಪಾದರು. "ಪ್ರೇಕ್ಷಕರ ಮಾತು ಬರ್ಕೊಳ್ಳೂದಿಲ್ರಿ ಅಕ್ಕಾರ."

"ಬರೀಬ್ಯಾಡ್ರಿ. ಬಾಯಿಲೆ ಹೇಳ್ರಿ."

"ಭಾಳ ಹೊತ್ತು ಮಾತಾಡಿದ್ರು ರೀ. ಹಂಗ ಯಾರೂ ಮಾತಾಡಿದ್ದು ನಾ ಕೇಳಿಲ್ಲ. ಆದ್ರ... ಅದನ್ನ ಹೆಣ್ಣಮಕ್ಕಳ ಮುಂದ ಹೆಂಗ ಹೇಳ್ಲಿರಿ?"

ನಮ್ಮೂರ ಸದಸ್ಯರನ್ನು ಕೇಳಿದೆ. ಅವರು ತಮ್ಮ ಕಾಲ್ಮರಿ ನೋಡಿಕೊಂಡರು. ಗೋಡೆ ಮುಗಿದ ಮೇಲೆ ಹಾರ ಹಾಕಿಸಿಕೊಳ್ಳಲು ಅಧ್ಯಕ್ಷರು ಬಂದಿದ್ದರು. ಅವರನ್ನೂ ಕೇಳಿದೆ. ಪಾಪ, ಬಯಲಿನಲ್ಲಿ ನೋಡಲು ಚಾವಣಿ ಇರಲಿಲ್ಲ, ಆಕಾಶ ನೋಡಿದರು.

ಗೋಡೆ ಗಟ್ಟಿಯಾಗಿದೆ. ಮಗಳು ಬಂದಳು, ಇಲ್ಲಿಯೇ ಹೆತ್ತಳು. ಗಿರಣಿಯನ್ನು ಈಗ ನಾನೇ ನಡೆಸುತ್ತೇನೆ, ಸಭೆಯ ದಿನವೂ ಬಂದ್ ಮಾಡುವುದಿಲ್ಲ. ಮೊಮ್ಮಗಳು ಆ ಕೌದಿಯ ಮೆತ್ತೆಯ ಮೇಲೆ ಕುಳಿತು ಆಡುತ್ತಾಳೆ. ಹತ್ತು ವರ್ಷದ ಅಷ್ಟೂ ಸಭೆಗಳ ವರದಿ ನನ್ನ ಹತ್ತಿರ ಇದೆ. ಕೊನೆಯ ಸಭೆಯದೊಂದು ಇಲ್ಲ.